ಐದೂವರೆ ಡಿಗ್ರಿಯ ದೊರೆ

ಮಾನ ಮರ್ಯಾದೆಯುಳ್ಳ ವಿಮಾನಗಳೆಲ್ಲ ಆಕಾಶದಿಂದ ನೆಲಕ್ಕೆ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತವೆ. ಏಣಿ ಕ್ಯಾಪ್ಟನ್ನರದು ಐದೂವರೆ. ಗುಡ್ಡದ ಬೆನ್ನಿಗೆ ಅಡಗಿ ಕೂತ ಆ ಗಿಡ್ಡ ರನ್‌ವೇಗೆ ಬೇರೆ ದಾರಿಯಿಲ್ಲ. ಗುಡ್ಡದ ನೆತ್ತಿ ದಾಟಬೇಕು, ದಾಟಿದ್ದೇ ತಡ ಮೂಗು ಬಗ್ಗಿಸಿ ಇಳಿಯಬೇಕು, ಇಳಿದ ಮೇಲೆ ಎದುರಿನ ಬೇಲಿಗೆ ಮುಂಚೆ ನಿಲ್ಲಬೇಕು. ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನದಲ್ಲಿ ಇಪ್ಪತ್ತೆರಡು ವರ್ಷ ಈ ಪವಾಡವನ್ನು ದಿನಕ್ಕೆರಡು ಸಲ ನಡೆಸಿಕೊಟ್ಟವರಿಗೆ ಜೊತೆಯವರು ಇಟ್ಟ ಹೆಸರು ಏಣಿ. ಮಿಕ್ಕವರು ಮೆಟ್ಟಿಲಿಳಿದು ಬಂದರೆ ಇವರು ಏಣಿಯಿಳಿದು ಬರುತ್ತಾರೆಂದು. ಎದುರಿಗೆ ಯಾರಾದರೂ ಹಾಗೆ ಕರೆದರೆ ಹುಬ್ಬು ಗಂಟಿಕ್ಕುತ್ತಿದ್ದರು. ಕರೆಯದಿದ್ದರೆ ಮುಖ ಸಪ್ಪಗಾಗುತ್ತಿತ್ತು.

ಪ್ರತಿ ಸಾಮ್ರಾಜ್ಯಕ್ಕೂ ಒಂದು ಮಂತ್ರ ಬೇಕಷ್ಟೆ. ಇವರದು ಚಿಕ್ಕದು: “ಗುಡ್ಡ ದಾಟು. ನೀಲಿ ಟ್ಯಾಂಕು ಮೂಗಿನ ಕೆಳಗೆ ಮರೆಯಾಯ್ತಾ? ಪವರ್ ತೆಗಿ, ಇಳಿ.” ಪವರ್ ತೆಗೆಯುವುದೆಂದರೆ ಇಂಜಿನ್ನಿನ ಜೋರು ತಗ್ಗಿಸುವುದು, ಟ್ಯಾಂಕೆಂದರೆ ಆ ಊರಿನ ನೀರಿನ ಟ್ಯಾಂಕು. ಮೇಲಿನಿಂದ ನೋಡಿದರೆ ಬಟ್ಟೆಯಿಂದ ಕಿತ್ತು ಬಿದ್ದ ಗುಂಡಿಯಂತೆ ಕಾಣುತ್ತಿತ್ತು. ಹನ್ನೊಂದು ಪೈಲಟ್‌ಗಳು ಈ ಮಂತ್ರವನ್ನು ಅವರ ಬಾಯಿಂದಲೇ ಕೇಳಿ ಕಲಿತಿದ್ದರು. ಹನ್ನೊಂದನೆಯವನು ಸ್ವಂತ ಅಳಿಯ.

ಈಗ ಈ ಸಾಮ್ರಾಜ್ಯದ ಮೇಲೆ ಸುತ್ತೋಲೆಯೊಂದು ದಂಡೆತ್ತಿ ಬಂದಿತ್ತು. ನೆಲದಿಂದ ಐನೂರು ಅಡಿಗೆ ಬರುವಷ್ಟರಲ್ಲಿ ವೇಗ, ಇಳಿಜಾರು, ಚಕ್ರ ಎಲ್ಲವೂ ಕ್ರಮದಲ್ಲಿರಬೇಕು. ಒಂದು ತಪ್ಪಿದರೂ ಇಳಿಯುವಂತಿಲ್ಲ. ಪೂರ್ತಿ ಪವರ್ ಕೊಟ್ಟು ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಕ್ಯಾಪ್ಟನ್ನಿನ ಅನುಭವಕ್ಕೆ ಬಿಟ್ಟಿದ್ದು ಎಂಬ ಹಳೆಯ ಸಾಲಿಗೆ ಕಾಟು ಬಿದ್ದಿತ್ತು.

ಪೈಲಟ್‌ಗಳ ಕೋಣೆಯಲ್ಲಿ, ಸ್ಪಂಜು ಹೊರಬಂದ ಕುರ್ಚಿಗಳ ಮೇಲೆ, ಮಹಾಯುದ್ಧವೇ ನಡೆಯಿತು.

“ಐನೂರು ಅಡಿಯಲ್ಲಿ ನಿಂತು ಯೋಚನೆ ಮಾಡೋಕೆ ಅದೇನು ಬಸ್ ಸ್ಟಾಪಾ?” ಎಂದರು ಏಣಿ.

“ನಿಲ್ಲಿ ಅಂತ ಯಾರೂ ಹೇಳ್ತಿಲ್ಲ ಸಾರ್. ಸರಿಯಿಲ್ಲ ಅಂದ್ರೆ ಮೇಲೆ ಹೋಗಿ ಅಂತಿದೀವಿ,” ಎಂದಳು ಸುರಕ್ಷತಾ ಅಧಿಕಾರಿ. ಅಳತೆಯಲ್ಲಿ ಕೂದಲೆಳೆಯಷ್ಟೂ ರಿಯಾಯಿತಿ ಕೊಡದ ಈ ಹೆಂಗಸಿಗೆ ಸ್ಕೇಲು ಎಂದು ಹೆಸರು. ಒಂದು ಕಾಲಕ್ಕೆ ಅವಳೂ ಅವರ ಶಿಷ್ಯೆಯೇ.

“ನಮ್ಮ ಕಾಲದಲ್ಲಿ ಇದಕ್ಕೆಲ್ಲ ತಲೆ ಅಂತ ಒಂದು ಕೊಟ್ಟಿದ್ರಮ್ಮ. ಈಗ ಅದನ್ನ ತೆಗೆದು ಸುತ್ತೋಲೆ ಇಟ್ಟಿದಾರೆ.”

ಕೋಣೆ ನಕ್ಕಿತು. ಅವಳೂ ನಕ್ಕಳು. “ತಲೆ ಈಗಲೂ ಕೊಡ್ತಾರೆ ಸಾರ್. ಎಲ್ಲರಿಗೂ ನಿಮ್ಮದೇ ಕೊಡಲ್ಲ, ಅದೇ ತೊಂದರೆ. ಹತ್ತು ವಾರದ ಹಿಂದೆ ಈ ಸುತ್ತೋಲೆ ಇದ್ದಿದ್ರೆ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಹತ್ತು ವಾರದ ಹಿಂದೆ ಅಳಿಯ ಮೊದಲ ಸಲ ತಾನೇ ನಡೆಸಿಕೊಂಡು ಬಂದು, ಅದೇ ರನ್‌ವೇಗೆ ವಿಪರೀತ ಕಡಿದಾಗಿ ಇಳಿದಿದ್ದ. ವಿಮಾನ ನೆಲಕ್ಕೆ ಅಪ್ಪಳಿಸಿ ಒಂದು ಚಕ್ರದ ಕಾಲು ಬಗ್ಗಿತ್ತು. ಹಿಂದಿನ ಸಾಲಿನಲ್ಲಿದ್ದ ಹೊಲಿಗೆ ಟೀಚರೊಬ್ಬರ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಅವರಿನ್ನೂ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಅಂದಿನಿಂದ ಅಳಿಯನಿಗೆ ಕಾಕ್‌ಪಿಟ್ಟಿನ ಬಾಗಿಲು ಮುಚ್ಚಿತ್ತು. ಬರುವ ಶುಕ್ರವಾರ ಸಮಿತಿ ಕೂತು, ಅವನು ಮತ್ತೆ ಹಾರಬಹುದೋ ಇಲ್ಲವೋ ಎಂದು ತೀರ್ಮಾನಿಸುವುದಿತ್ತು. ಆ ರನ್‌ವೇ ಬಲ್ಲ ಹಿರಿಯರೆಂದು ಸಮಿತಿ ಅಭಿಪ್ರಾಯ ಕೇಳಿದ್ದು ಏಣಿಯವರನ್ನೇ.

ಅವರ ಅಭಿಪ್ರಾಯ ಗುಟ್ಟಾಗಿರಲಿಲ್ಲ. ಮನೆಯ ಊಟದ ಮೇಜಿನ ಮೇಲೆ ಹತ್ತು ವಾರದಿಂದ ದಿನಾ ಅದನ್ನೇ ಬಡಿಸುತ್ತಿದ್ದರು.

“ಅಳಿಯಂದಿರೇ, ಟ್ಯಾಂಕು ಕಂಡಿತ್ತೋ ಇಲ್ವೋ?”

“ಕಂಡಿತ್ತು ಮಾವ.”

“ಮರೆಯಾದ ಮೇಲೇ ಪವರ್ ತೆಗೆದ್ರೋ?”

“ಮರೆಯಾದ ತಕ್ಷಣ. ನೀವು ಹೇಳಿದ ಹಾಗೇ.”

“ಹಾಗಾದ್ರೆ ಟ್ಯಾಂಕೇ ಎದ್ದು ಓಡಿರಬೇಕು ಬಿಡಿ.”

“ಅಪ್ಪಾ, ಊಟ ಮಾಡಿ,” ಎನ್ನುತ್ತಿದ್ದಳು ಮಗಳು. ಗಂಡನ ಪರ ಒಂದು ಮಾತೂ ಆಡುತ್ತಿರಲಿಲ್ಲ. ಅಪ್ಪ ಆಕಾಶದ ವಿಷಯದಲ್ಲಿ ತಪ್ಪುವುದುಂಟೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಳಿಯ ತಟ್ಟೆಯನ್ನೇ ನೋಡುತ್ತ ಮುಗಿಸಿ ಏಳುತ್ತಿದ್ದ.

ಮಂಗಳವಾರ ಸ್ಕೇಲು ಒಂದು ಕಾಗದ ತಂದು ಮುಂದಿಟ್ಟಳು. ವಿಮಾನದ ಯಂತ್ರ ತಾನೇ ಬರೆದಿಟ್ಟುಕೊಂಡ ಅವರ ನಲವತ್ತು ಇಳಿತಗಳ ಗೆರೆಗಳು.

“ಸುತ್ತೋಲೆಗೆ ನೀವೇ ಸಾಕ್ಷಿ ಸಾರ್. ನಲವತ್ತರಲ್ಲಿ ನಲವತ್ತೂ ಐನೂರು ಅಡಿಗೆ ಮುಂಚೆ ಸರಿಯಾಗಿವೆ. ಆದ್ರೆ ಒಂದು ಕೇಳ್ಲಾ? ಟ್ಯಾಂಕು, ಟ್ಯಾಂಕು ಅಂತೀರಿ. ಅದು ಮರೆಯಾಗೋಕೆ ಮುನ್ನೂರು ಮೀಟರ್ ಮುಂಚೇನೇ ಪವರ್ ತೆಗೀತೀರಲ್ಲ, ಯಾಕೆ?”

“ನಿನ್ನ ಯಂತ್ರಕ್ಕೆ ಕನ್ನಡಕ ಹಾಕ್ಸು.”

“ಹಾಕ್ಸಿದೀನಿ ಸಾರ್, ಹೋದ ತಿಂಗಳು ತಾನೇ,” ಎಂದು ಕಾಗದ ಅಲ್ಲೇ ಬಿಟ್ಟು ಹೋದಳು.

ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮರುದಿನ ಗುಡ್ಡ ದಾಟಿದ ಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದರು: ತಮ್ಮ ಕೈಯನ್ನೇ ನೋಡಿದರು. ಕೈ ಪವರ್ ತೆಗೆಯಿತು. ತಲೆಯೆತ್ತಿದರೆ ನೀಲಿ ಗುಂಡಿ ಇನ್ನೂ ಗಾಜಿನಲ್ಲಿ ನಗುತ್ತ ಕೂತಿತ್ತು.

ಆ ಊರಲ್ಲಿ ಅವರ ವಿಮಾನ ನಲವತ್ತು ನಿಮಿಷ ನಿಲ್ಲುತ್ತಿತ್ತು. ಆ ನಲವತ್ತು ನಿಮಿಷ ಅವರು ಕಾಕ್‌ಪಿಟ್ಟಿನಲ್ಲೇ ಕೂತು ಪದಬಂಧ ತುಂಬುವುದು ವಾಡಿಕೆ. ಎಂಟು ಸಾವಿರ ಸಲವಾದರೂ ಇಳಿದಿದ್ದ ಊರಿನ ಒಂದು ಬೀದಿಯೂ ಅವರಿಗೆ ಗೊತ್ತಿರಲಿಲ್ಲ. ಅವತ್ತು ಟೋಪಿ ಹಾಕಿಕೊಂಡು, ಬೇಲಿ ದಾಟಿ, ನಡೆದೇ ಹೊರಟರು. ಟ್ಯಾಂಕಿನ ಬುಡದಲ್ಲಿ ನೀರು ಬಿಡುವವನು ಚಕ್ರದಂಥ ವಾಲ್ವು ತಿರುಗಿಸುತ್ತಿದ್ದ. ನಾಲ್ಕು ಚಿನ್ನದ ಪಟ್ಟಿಯ ಸಮವಸ್ತ್ರ ನೋಡಿ ಎದ್ದು ನಿಂತ.

“ಈ ಟ್ಯಾಂಕು ಎಷ್ಟು ವರ್ಷದ್ದಪ್ಪ?”

“ಎರಡು ವರ್ಷ ಆಗಿರಬೇಕು ಸಾರ್. ಯಾಕೆ, ಸೋರ್ತಿದ್ಯಾ?”

“ಎರಡಾ? ನಾನು ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ!”

“ಅದು ಹಳೇದು ಸಾರ್. ಅಲ್ಲಿತ್ತು, ಆ ಗ್ಯಾರೇಜ್ ಇದೆಯಲ್ಲ, ಅದರ ಹಿಂದೆ. ನಿಮ್ಮ ರನ್‌ವೇಗೆ ಟಾರು ಹಾಕ್ತೀವಿ ಅಂತ ನಾಲ್ಕು ತಿಂಗಳು ಮುಚ್ಚಿದ್ರಲ್ಲ, ಆವಾಗಲೇ ಕೆಡವಿ ಇದನ್ನ ಈ ಕಡೆ ಕಟ್ಟಿದ್ದು. ಬಣ್ಣ ಮಾತ್ರ ಮಿಕ್ಕಿತ್ತು, ಅದನ್ನೇ ಬಳಿದ್ವಿ.” ಅವನು ಅನುಮಾನದಿಂದ ನೋಡಿದ. “ದಿನಾ ತಲೆ ಮೇಲೇ ಹೋಗ್ತೀರಿ, ನಿಮಗೆ ಕಾಣ್ಲಿಲ್ವಾ ಸಾರ್?”

ಕಂಡಿರಲಿಲ್ಲ. ಮೇಲಿನಿಂದ ನೋಡುವವನಿಗೆ ನೀಲಿ ಗುಂಡಿ ನೀಲಿ ಗುಂಡಿಯೇ. ನಾಲ್ಕು ತಿಂಗಳ ನಂತರ ಮರಳಿದಾಗ ಅವರ ಕೈ ಮಾತ್ರ ಎಲ್ಲವನ್ನೂ ತಿಳಿದುಕೊಂಡು, ರನ್‌ವೇಯ ಆಕಾರ ನೋಡಿ, ಹಳೆಯ ಜಾಗದಲ್ಲೇ ಪವರ್ ತೆಗೆಯುವುದನ್ನು ಮುಂದುವರಿಸಿತ್ತು. ಹೋಗಿ ಯಜಮಾನರಿಗೆ ತಿಳಿಸುವ ಸೌಜನ್ಯ ಅದಕ್ಕಿರಲಿಲ್ಲ. ಯಜಮಾನರ ಬಾಯಿ ಹಳೇ ಮಂತ್ರವನ್ನೇ ಜಪಿಸುತ್ತಿತ್ತು. ಹತ್ತು ಜನ ಶಿಷ್ಯರು ಹಳೆಯ ಟ್ಯಾಂಕಿನ ಕಾಲದವರು, ಅವರ ಕೈಗಳೂ ಪಳಗಿದ್ದವು. ಹೊಸ ಟ್ಯಾಂಕಿನ ಕಾಲದಲ್ಲಿ ಬಾಯನ್ನು ನಂಬಿ ಬಂದವನು ಒಬ್ಬನೇ. ಮುನ್ನೂರು ಮೀಟರ್ ತಡವಾಗಿ ಇಳಿಯಲು ತೊಡಗಿದವನು ಅಷ್ಟೆತ್ತರವನ್ನು ಕಳೆಯಬೇಕಾದರೆ ಕಲ್ಲು ಬಿದ್ದ ಹಾಗೆ ಬೀಳದೆ ಬೇರೇನು ಮಾಡಬೇಕಿತ್ತು?

ಅವರು ಗ್ಯಾರೇಜಿನ ಹಿಂದೆ ಹೋಗಿ ನೋಡಿದರು. ನಾಲ್ಕು ಕಂಬಗಳ ಮೋಟು, ನಡುವೆ ಹಳೆಯ ಟಯರುಗಳು. ವಿಮಾನ ಅವತ್ತು ಹನ್ನೆರಡು ನಿಮಿಷ ತಡವಾಯಿತು.

ಗುರುವಾರವೂ ಹಾರಿ ಬಂದರು, ಟ್ಯಾಂಕಿನ ವಿಷಯ ಯಾರಿಗೂ ಹೇಳಲಿಲ್ಲ. ಸ್ಕೇಲಿಗೆ ಮುನ್ನೂರು ಮೀಟರ್ ಗೊತ್ತಿತ್ತು, ಟ್ಯಾಂಕು ಜಾಗ ಬದಲಿಸಿದ್ದು ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರು: ಒಬ್ಬ ನೀರು ಬಿಡುವವನು, ಅವನನ್ನು ಯಾವ ಸಮಿತಿಯೂ ಕರೆಯುವುದಿಲ್ಲ; ಇನ್ನೊಬ್ಬರು ತಾವೇ. ಅಭಿಪ್ರಾಯದ ಹಾಳೆ ಆಗಲೇ ಟೈಪಾಗಿ ಅವರ ಬ್ಯಾಗಿನಲ್ಲಿತ್ತು. ಅದರ ಕೊನೆಯ ಸಾಲು: ‘ಈ ಪೈಲಟ್‌ಗೆ ಕಡಿದಾದ ಇಳಿತದ ಕೌಶಲವಿಲ್ಲ.’

ಶುಕ್ರವಾರ ಉದ್ದನೆಯ ಮೇಜಿನ ಆ ತುದಿಯಲ್ಲಿ ಸಮಿತಿಯ ಮೂವರು, ಒಂದು ಪಕ್ಕ ಸ್ಕೇಲು, ಈ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಳಿಯ. ಪಟ್ಟಿಗಳನ್ನು ಬಿಚ್ಚಿಟ್ಟಿದ್ದರಿಂದ ಅವನ ಹೆಗಲು ಬೋಳಾಗಿ ಕಾಣುತ್ತಿತ್ತು.

“ಹೇಳಿ ಕ್ಯಾಪ್ಟನ್,” ಎಂದರು ಅಧ್ಯಕ್ಷರು.

ಏಣಿಯವರು ಎದ್ದರು. ಬ್ಯಾಗು ತೆರೆಯಲಿಲ್ಲ.

“ಇವರು ನಾನು ಕಲಿಸಿದ್ದನ್ನ ಕಲಿಸಿದ ಹಾಗೇ ಮಾಡಿದಾರೆ. ನಾನು ಕಲಿಸಿದ್ದು ತಪ್ಪು.” “ಟ್ಯಾಂಕು ಜಾಗ ಬದಲಾಗಿ ಎರಡು ವರ್ಷ ಆಯ್ತು. ನನಗೆ ತಿಳಿದಿದ್ದು ಮೊನ್ನೆ. ಮೊನ್ನೆನೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಸ್ಕೇಲು ಪೆನ್ನು ಕೆಳಗಿಟ್ಟಳು. ಅಧ್ಯಕ್ಷರು ಅದನ್ನು ಬರೆದುಕೊಡಲು ಹೇಳಿದರು, ಅವರು ನಿಂತೇ ಬರೆದರು. ಇನ್ನೊಬ್ಬ ಸದಸ್ಯರು, “ಹಾಗಾದ್ರೆ ಆ ಐನೂರು ಅಡಿ ನಿಯಮ?” ಎಂದು ಕೇಳಿದರು.

“ಇದ್ದಿದ್ರೆ ಇವರು ಮೇಲೆ ಹೋಗ್ತಿದ್ರು. ಆ ಟೀಚರ್ ಈಗ ಓಡಾಡ್ಕೊಂಡಿರ್ತಿದ್ರು. ಅದನ್ನೂ ಬರೀಲಾ?”

ಬರೆದರು. ತೀರ್ಮಾನ ಆಗಲು ಒಂದು ಗಂಟೆ ಹಿಡಿಯಿತು. ಅಳಿಯ ಸ್ಕೇಲಿನ ಬಳಿ ಆರು ವಾರ ತರಬೇತಿ ಪಡೆದು ಮತ್ತೆ ಹಾರಬಹುದು. ಏಣಿಯವರು ಇನ್ನು ಮೇಲೆ ಯಾರಿಗೂ ಕಲಿಸುವಂತಿಲ್ಲ. ಹಾರಬೇಕೆಂದರೆ ಅವರೂ ಅದೇ ತರಬೇತಿಗೆ ಬರಬೇಕು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಅಳಿಯ ಬಹಳ ಹೊತ್ತು ಬೀಗದ ಕೈ ಹುಡುಕಿದ. ಕೈಯಲ್ಲೇ ಇತ್ತು.

“ಹತ್ತು ವಾರ,” ಎಂದ. “ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ ಮಾವ. ಎರಡು ಸಲ ಡಾಕ್ಟರಿಗೆ ತೋರಿಸ್ದೆ.”

“ಆಟೋದಲ್ಲಿ ಬರ್ತೀನಿ, ನೀವು ಹೋಗಿ,” ಎಂದರು ಏಣಿಯವರು.

“ಬೇಡ, ಹತ್ತಿ.” ಅಳಿಯ ಅವರ ಕಡೆ ನೋಡಲಿಲ್ಲ. “ನಿಮ್ಮ ಮಗಳಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ.”

ಮನೆಯಲ್ಲಿ ಬಾಗಿಲು ತೆಗೆದ ಮಗಳು ಅಪ್ಪನನ್ನು ಬಿಟ್ಟು ಗಂಡನ ಮುಖ ನೋಡಿದಳು, ಅಲ್ಲೇನೂ ಸಿಗದೆ ಮತ್ತೆ ಅಪ್ಪನ ಕಡೆ ತಿರುಗಿದಳು.

“ಏನಂದ್ರಪ್ಪಾ?”

ಐದೂವರೆ ಡಿಗ್ರಿಯ ದೊರೆ ಶೂ ಕೂಡ ಬಿಚ್ಚದೆ, ಹೊಸ್ತಿಲಲ್ಲೇ ನಿಂತು, ಟೋಪಿ ತೆಗೆದು ಹೇಳತೊಡಗಿದರು.