ಕಲ್ಲಿಕೋಟೆಯಲ್ಲಿ ಬಾಯಿ ಮುಚ್ಚಿದ ದಿನ

ಇನ್ನೊಬ್ಬರು ತಪ್ಪು ಹೇಳುವಾಗ ಸುಮ್ಮನೆ ಕೂರುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವನು ನಾನು. ನಾನು ನಿವೃತ್ತನಾದೆ, ಬಾಯಿ ಆಗಲಿಲ್ಲ. ಮದುವೆಮನೆಯಲ್ಲಿ ಪುರೋಹಿತರನ್ನೂ ತಿದ್ದಿದ್ದೇನೆ.

ಇದರ ಫಲ ಉಂಡವಳು ನನ್ನ ಹೆಂಡತಿ ಮಹದೇವಮ್ಮ. ಹಿಂದೊಮ್ಮೆ ಒಂದು ದೇವಸ್ಥಾನದಲ್ಲಿ ಯಾವನೋ ರಾಜನ ತಮ್ಮನ ಹೆಸರಿಗಾಗಿ ಗೈಡಿನ ಜೊತೆ ವಾದಕ್ಕಿಳಿದೆ. ಅವನು "ನೀವೇ ತೋರಿಸ್ಕೊಳ್ಳಿ ಸಾರ್" ಎಂದು ಕೈಮುಗಿದು ಹೊರಟೇಬಿಟ್ಟ. ಅವನ ಹಿಂದೆ ನಾನೂ ವಾದಿಸುತ್ತಾ ನಡೆದೆ. ಅಷ್ಟರಲ್ಲಿ ಗರ್ಭಗುಡಿಯ ಬಾಗಿಲು ಹಾಕಿದರು, ಅವಳು ದೇವರನ್ನು ನೋಡದೆಯೇ ಊರಿಗೆ ಬಂದಳು.

ಹಾಗಾಗಿ ಕಲ್ಲಿಕೋಟೆ ನೋಡಲು ಮಗಳು ನಮ್ಮಿಬ್ಬರಿಗೇ ಅಂತ ಇಡೀ ದಿನಕ್ಕೆ ಒಬ್ಬ ಗೈಡನ್ನು ಗೊತ್ತು ಮಾಡಿದಾಗ ಮಹದೇವಮ್ಮ ಒಂದು ಕರಾರು ಹಾಕಿದಳು. ಐವತ್ತೆಂಟು ವರ್ಷವಾದರೂ ಅವಳು ಸಮುದ್ರ ಕಂಡವಳಲ್ಲ. ಗೈಡಿನ ಪಟ್ಟಿಯಲ್ಲಿ ಸಮುದ್ರ ಕಟ್ಟಕಡೆಗೆ, ಸಂಜೆಗೆ.

"ಮಧ್ಯದಲ್ಲೇನಾದ್ರೂ ಬಾಯ್ ಬುಟ್ಟು ಆ ಮನ್ಸನ್ನ ಓಡುಸ್ಬುಟ್ರೋ, ಅಲ್ಲಿಂದಲೇ ಬಸ್ ಅತ್ಕ ಬಂದ್ಬುಡ್ತೀನಿ. ಇನ್ಮ್ಯಾಕೆ ನಿಮ್ ಜೊತೇಲಿ ಎಲ್ಲೂ ಬರಾಕಿಲ್ಲ" ಎಂದು ನನ್ನ ಎರಡೂ ಜೇಬಿಗೆ ಹುರಿಗಡಲೆ ಸುರಿದಳು. ನಾಲಿಗೆ ತುರಿಸಿದಾಗೆಲ್ಲ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಬೇಕು. ಮೌನವ್ರತಕ್ಕೆ ಋಷಿಗಳು ಕಾಡಿಗೆ ಹೋಗುತ್ತಿದ್ದರಂತೆ. ಕಾಡಿನಲ್ಲಿ ಮೌನವಾಗಿರುವುದು ಯಾವ ದೊಡ್ಡ ವಿಷಯ? ಗೈಡಿನ ಮುಂದೆ ಕೂರಿಸಿ ನೋಡಬೇಕಿತ್ತು!

ಗೈಡ್ ಅಶ್ರಫ್ ಮೈಸೂರಿನ ಬೇಕರಿಯಲ್ಲಿ ಹತ್ತು ವರ್ಷ ಇದ್ದವನು, ಕನ್ನಡ ಚೆನ್ನಾಗಿ ಆಡುತ್ತಿದ್ದ. ಒಳ್ಳೆಯವನು, ಆದರೆ ಮೊದಲ ಮಾತಿಗೇ "ಗಾಮ ಇಲ್ಲಿಗೆ ಬಂದಿದ್ದು ಸಾವಿರದ ನಾನೂರ ತೊಂಬತ್ತೆರಡರಲ್ಲಿ" ಎಂದುಬಿಟ್ಟ. ಶಿವಶಿವಾ! ಅದು ಕೊಲಂಬಸ್ ಹೊರಟ ವರ್ಷ. ಗಾಮ ಬಂದದ್ದು ತೊಂಬತ್ತೆಂಟರಲ್ಲಿ. ಎಂಟನೇ ಕ್ಲಾಸಿನ ಹುಡುಗ ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ಮಹದೇವಮ್ಮ ನನ್ನನ್ನೇ ನೋಡಿದಳು. ಹುರಿಗಡಲೆ ಹಾಕಿಕೊಂಡೆ. ಮಧ್ಯಾಹ್ನದೊಳಗೆ ಒಂದು ಜೇಬು ಖಾಲಿ, ದವಡೆಯೂ ನೋಯತೊಡಗಿತು.

ಊಟವಾದ ಮೇಲೆ ಹಳೆಯ ಮಂಡಿಬೀದಿಗೆ ಕರೆದೊಯ್ದ. ಒಂದು ಅಂಗಡಿಯಲ್ಲಿ ಅರಿಸಿನದ ಮೂಟೆ ತೋರಿಸಿ, "ಇದು ನಮ್ಮ ಕೇರಳದ ಅರಿಸಿನ ಅಮ್ಮ. ಮಣ್ಣಿಂದ ತೆಗೀತಾರೆ, ಬಿಸಿಲಿಗೆ ಹಾಕ್ತಾರೆ, ಪುಡಿ ಮಾಡ್ತಾರೆ. ಅಷ್ಟೇ" ಎಂದ.

"ಅಷ್ಟೇಯಾ?" ಎಂದಳು ಮಹದೇವಮ್ಮ.

ಆ ಧ್ವನಿ ನನಗೆ ಗೊತ್ತು. ಅವಳ ತವರು ಚಾಮರಾಜನಗರದ ಹತ್ತಿರದ ಹರವೆ, ಅವರದು ಅರಿಸಿನ ಬೆಳೆಯುವ ಮನೆತನ.

"ಬೇಯುಸ್ದೆ ಬಿಸ್ಲಿಗಾಕುದ್ರೆ ಮುಗ್ಗು ಇಡ್ದೋಯ್ತದೆ ಕಣಪ್ಪ! ಕೊಪ್ಪರಿಗೇಲಿ ಬೇಯುಸ್ಬೇಕು. ಕಡ್ಡಿ ಚುಚ್ಚುದ್ರೆ ಸಲೀಸಾಗಿ ಓಗ್ಬೇಕು. ಆಮ್ಯಾಕೆ ಒಣಾಕ್ಬೇಕು, ಉಜ್ಬೇಕು." ಹೇಳುತ್ತಲೇ ಒಂದು ಕೊಂಬು ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದಳು. ಟಣ್ಣೆಂದಿತು. ಒಳಗಿನ ಬಣ್ಣ ನೋಡಿದಳು, ಮೂಸಿದಳು. "ಇದು ನಿಮ್ಮೂರ್ದಲ್ಲ, ನಮ್ ಕಡೇದು. ಬೇಯ್ಸಿರೋ ರೀತಿ ನೋಡುದ್ರೇ ಗೊತ್ತಾಯ್ತದೆ." ಪಕ್ಕದ ಮೂಟೆಯ ಕೊಂಬು ಮುರಿದರೆ ಸದ್ದೇ ಇಲ್ಲ. "ಇದು ಅರೆಬೆಂದದ್ದು. ಯಾರೋ ಟೋಪಿ ಆಕವ್ರೆ."

ಅಶ್ರಫ್ ನಗುತ್ತಾ ಅದನ್ನು ಅಂಗಡಿಯ ಯಜಮಾನರಿಗೆ ಮಲಯಾಳದಲ್ಲಿ ಹೇಳಿದ. ಅವರು ನಗಲಿಲ್ಲ, ಎದ್ದು ನಿಂತರು. ಮೊದಲ ಮೂಟೆ ಚಾಮರಾಜನಗರದಿಂದಲೇ ಬಂದದ್ದಂತೆ. ಎರಡನೆಯದನ್ನು ತಂದು ಹಾಕಿದವನ ಮೇಲೆ ಅವರಿಗೂ ಅನುಮಾನವಿತ್ತಂತೆ. ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ನಿಂಬೆ ಸೋಡಾ ತರಿಸಿ, ಒಂದೊಂದೇ ಮೂಟೆಯಿಂದ ಕೊಂಬು ತಂದು ಅವಳ ಮುಂದಿಟ್ಟರು. ಅವಳು ಮುರಿದು ತೀರ್ಪು ಕೊಡುತ್ತಾ ಹೋದಳು. ಹಮಾಲಿಗಳೂ ಬಂದು ಸುತ್ತ ನಿಂತರು. ನನ್ನ ಹೆಂಡತಿ! ಹೆಮ್ಮೆಗೆ ಎದೆ ಬಿರಿಯುವಂತಾಯಿತು. ಅದನ್ನೂ ಹೇಳುವಂತಿಲ್ಲವಲ್ಲ, ಇನ್ನೊಂದು ಹಿಡಿ ಹಾಕಿಕೊಂಡೆ.

ಸಂಜೆ ಸಮುದ್ರ. ಮಹದೇವಮ್ಮ ಸೀರೆ ಮೊಣಕಾಲಿಗೆ ಎತ್ತಿಕೊಂಡು ನೀರಿಗಿಳಿದು, ಮೊದಲ ಅಲೆಗೆ "ಅಯ್ಯಯ್ಯೋ ಮಾದಪ್ಪಾ!" ಎಂದು ಕಿರುಚಿ, ಎರಡನೆಯದಕ್ಕೆ ನಕ್ಕು, ಮೂರನೆಯದಕ್ಕೆ ತಾನೇ ಎದುರು ನಡೆದಳು.

ಅವಳು ದಡಕ್ಕೆ ಬಂದಾಗ ಅಶ್ರಫ್ ಮೆಲ್ಲಗೆ ಅವಳನ್ನು ಕೇಳಿದ, "ಅಮ್ಮ, ಸಾರ್‌ಗೆ ಮಾತು ಬರಲ್ವಾ?"

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಗೆದ್ಬುಟ್ರಿ ಕಣಿ. ಈಗ ಏನಿದ್ದದೋ ಯೋಳ್ಬುಡಿ" ಎಂದಳು.

ಬಾಯಿ ತೆರೆದೆ. ಗಾಮನ ತೊಂಬತ್ತೆಂಟನೇ ಇಸವಿ ನಾಲಿಗೆಯ ತುದಿಯಲ್ಲೇ ಕೂತಿತ್ತು. ಮೆಣಸಿಗಾಗಿ ಯಾರ್ಯಾರು ಯಾವ್ಯಾವ ಹಡಗಿನಲ್ಲಿ ಬಂದರೆಂದು ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಹೇಳಿದ್ದೆ. ಅರಿಸಿನ ಬೇಯಿಸಿದ ಕೈ ದಿನಾ ನನಗೆ ಅನ್ನ ಬಡಿಸುತ್ತಿದ್ದರೂ, ಆ ಕೈಗೆ ಏನು ಗೊತ್ತೆಂದು ಒಂದು ದಿನವೂ ಕೇಳಿದವನಲ್ಲ. ನಾಚಿಕೆಯಾಯಿತು.

"ಕೊಪ್ಪರಿಗೇಲಿ ಎಷ್ಟು ಹೊತ್ತು ಬೇಯಿಸಬೇಕು?" ಎಂದೆ.

ಮಹದೇವಮ್ಮ ಮರಳಿನ ಮೇಲೆ ಕಾಲು ಚಾಚಿ ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದಳು.

"ಕುಂತ್ಕಳಿ, ಯೋಳ್ತೀನಿ" ಎಂದು ನನ್ನ ಜೇಬಿಗೆ ಕೈಹಾಕಿ, ಉಳಿದಿದ್ದ ಹುರಿಗಡಲೆಯನ್ನು ತೆಗೆದು ನನ್ನ ಅಂಗೈಗೆ ಸುರಿದಳು. "ಮಧ್ಯದಲ್ಲಿ ಬಾಯ್ ಆಕ್ಬ್ಯಾಡಿ."