ಬೀಸುವ ಕಲ್ಲಿನ ಆಚೆ ಬದಿ

ದೆವ್ವ, ಗಾಳಿ ಎಂಬ ಮಾತು ಬಂದರೆ ನಗುವವಳು ನಾನು. ಈಗಲೂ ನಗುತ್ತೇನೆ, ಒಂದು ಮಧ್ಯಾಹ್ನವನ್ನು ಬಿಟ್ಟು. ಕತ್ತಲಲ್ಲಿ ನಡೆದಿದ್ದರೆ ಕಣ್ಣು ಮಂಜಾಯಿತೆಂದು ತಳ್ಳಿಹಾಕಬಹುದಿತ್ತು. ಇದು ನಡೆದದ್ದು ಸುಡುಬಿಸಿಲಿನಲ್ಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೆಯ ಮಹಾಯುದ್ಧದ ಕಾಲ. ಹೊನ್ನಾಳಿಯಲ್ಲಿ ಗಂಡ ಸತ್ತ, ಗಂಡ ಬಿಟ್ಟ ತಾಯಂದಿರಿಗೆ ಮಕ್ಕಳ ಸಮೇತ ಆಸರೆ ಕೊಡುವ ಸಣ್ಣದೊಂದು ಮಹಿಳಾ ಸಮಾಜವಿತ್ತು. ನಾನು ಅಲ್ಲಿ ಉಸ್ತುವಾರಿಗಿದ್ದೆ. ಎಣ್ಣೆ ಸಿಗದೆ ಊರಿನ ಹಿಟ್ಟಿನ ಗಿರಣಿ ನಿಂತಿದ್ದರಿಂದ ಮನೆಮನೆಯವರು ಜೋಳ, ರಾಗಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ನಮ್ಮ ಕಲ್ಲು ದೊಡ್ಡದು. ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ಬೀಸಬೇಕು. ಆ ಕೂಲಿಯಲ್ಲೇ ನಮ್ಮ ಒಲೆ ಉರಿಯುತ್ತಿತ್ತು. ಬದುಕಿರುವವರ ಕಾಟವೇ ಹಾಸಿ ಹೊದೆಯುವಷ್ಟಿತ್ತು, ಸತ್ತವರ ಚಿಂತೆಗೆ ಪುರಸೊತ್ತು ಎಲ್ಲಿ?

ಆಗ ಬಂದವಳು ಓಬಮ್ಮ, ಜಗಳೂರು ಕಡೆಯ ಸೊಕ್ಕೆಯವಳು. ಗಂಡ ಪ್ಲೇಗಿನಲ್ಲಿ ಹೋದ. ಅತ್ತೆಮನೆಯವರು ಎಳೆಗೂಸಿನ ಜೊತೆ ಹೊರಹಾಕಿದರು. ತವರಿಗೆ ಹೋಗೋಣವೆಂದರೆ ತಾಯಿ ತೀರಿಹೋಗಿ ವರ್ಷಗಳಾಗಿದ್ದವು. ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಊಟವಿಲ್ಲ, ಮಾತಿಲ್ಲ, ಮಗುವನ್ನು ಮುಟ್ಟುತ್ತಲೂ ಇರಲಿಲ್ಲ. ಒಳಲೆಯಲ್ಲಿ ಹಸುವಿನ ಹಾಲು ಕುಡಿಸಿದರೆ ಕೂಸು ಕಕ್ಕಿಬಿಡುತ್ತಿತ್ತು. ದಿನದಿನಕ್ಕೆ ಒಣಗುತ್ತಿತ್ತು. ಕೊನೆಗೆ ಸಮಾಜದ ಹಿರಿಯರು ಚನ್ನಗಿರಿಯ ಮಕ್ಕಳಿಲ್ಲದ ದಂಪತಿಗೆ ಮಗುವನ್ನು ಕೊಡುವುದೆಂದು ತೀರ್ಮಾನಿಸಿದರು. ಅವರ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಳು, ಎದೆಹಾಲಿಗೆ ದಾರಿಯಾಗುತ್ತಿತ್ತು. ಕೊಟ್ಟರೆ ತಾಯಿ ಮತ್ತೆ ಏಳುವುದಿಲ್ಲ, ಕೊಡದಿದ್ದರೆ ಮಗು ಉಳಿಯುವುದಿಲ್ಲ. ನನಗೆ ಅನ್ನ ಸೇರದಂತಾಯಿತು.

ಅವರು ಬಂದ ಮಧ್ಯಾಹ್ನ ಉಳಿದ ಹೆಂಗಸರೆಲ್ಲ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದರು. ಒಳಗಿದ್ದದ್ದು ಓಬಮ್ಮ ಮತ್ತು ಕೂಸು ಮಾತ್ರ. ಜಗಲಿಯಲ್ಲಿ ಗಂಡಹೆಂಡಿರಿಗೆ ಬೆಲ್ಲ, ನೀರು ಕೊಟ್ಟು ಮಗುವನ್ನು ತರಲು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಕಲ್ಲಿನ ಸದ್ದು ಬಂತು, ಅದರೊಂದಿಗೆ ಬೀಸುವ ಪದ. ಎರಡು ದನಿ. ಒಂದು ಎಳೆಯದು, ಇನ್ನೊಂದು ಒಡಕು ಮುದಿ ದನಿ. ಎರಡೂ ಕೂಡಿಯೇ ಹಾಡುತ್ತಿದ್ದವು.

"ಯಾರ್ರೀ ಆ ಅಜ್ಜಿ? ಎಷ್ಟು ಚಂದ ಹಾಡ್ತಾರೆ!" ಎಂದರು ಚನ್ನಗಿರಿಯಿಂದ ಬಂದಾಕೆ.

ನಮ್ಮಲ್ಲಿ ಅಜ್ಜಿಯರು ಯಾರೂ ಇರಲಿಲ್ಲ.

ಒಳಗೆ ಓಡಿದೆ. ಓಬಮ್ಮ ಒಬ್ಬಳೇ ಕಲ್ಲಿನ ಮುಂದೆ ಕೂತಿದ್ದಳು. ಹಾಲೇ ಬತ್ತಿಹೋಗಿದೆ ಎಂದು ನಾವು ತಿಳಿದಿದ್ದ ಎದೆಯನ್ನು ಮಗು ಕಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಮೊರದ ಜೋಳ ಅರ್ಧ ಹಿಟ್ಟಾಗಿತ್ತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಕಲ್ಲಿನ ಆಚೆ ಬದಿ, ಚೆಲ್ಲಿದ ಹಿಟ್ಟಿನ ಮೇಲೆ, ಯಾರೋ ಒಂದು ಕಾಲು ಚಾಚಿ ಕೂತು ಎದ್ದುಹೋದ ಗುರುತಿತ್ತು.

"ನಮ್ಮವ್ವ ಬಂದಿದ್ಲ್ರೀ," ಎಂದಳು ಓಬಮ್ಮ. ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. "'ಕೂಸು ಅಳ್ತೈತೆ, ಏಳೇ' ಅಂತ ಬೈದ್ಲು. ಆಮ್ಯಾಲೆ ಗೂಟ ಹಿಡಿದ್ಲು."

ಚನ್ನಗಿರಿಯಾಕೆ ನನ್ನ ಹಿಂದೆಯೇ ಬಂದು ನಿಂತಿದ್ದರು. ತಾವು ಹೊಲಿದು ತಂದಿದ್ದ ಕುಲಾವಿಯನ್ನು ಮಗುವಿನ ತಲೆಗೆ ಕಟ್ಟಿ, ಕಣ್ಣೊರೆಸಿಕೊಂಡು ಜಗಲಿಗೆ ಹೋಗಿ ಗಂಡನಿಗೆ, "ನಡೀರಿ, ಈ ಕೂಸಿಗೆ ತಾಯಿ ಅದಾಳೆ," ಎಂದರು. ಅವರ ಗಾಡಿ ಬರಿದಾಗಿ ಹಿಂದಿರುಗಿತು. ನಾನು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತೆ. ಹೆದರಿಕೆಗಲ್ಲ, ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿತ್ತು.

ಬುದ್ಧಿ ಮಾತ್ರ ಸುಮ್ಮನಿರಲಿಲ್ಲ. ಕೂಸಿನ ಅಳುವೇ ಅವಳನ್ನು ಎಬ್ಬಿಸಿರಬೇಕು. ಮೊದಲು ಅವಳೇ ಆಚೆ ಬದಿ ಕೂತಿರಬೇಕು. ಗೋಡೆಗೆ ಬಡಿದು ದನಿ ಎರಡಾಗಿರಬೇಕು. ಇಷ್ಟೆಲ್ಲ ಒಪ್ಪಿದರೂ ಕಲ್ಲು ಉಳಿಯಿತು. ಮರುದಿನ ಯಾರೂ ಇಲ್ಲದಾಗ ನಾನೇ ಕೂತು ಗೂಟ ಎಳೆದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಓಬಮ್ಮ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ನನ್ನ ಎದುರಿಗೆ ಬಂದು ಕಾಲು ಚಾಚಿ ಕೂತಳು.

"ಒಬ್ರ ಕೈಲಿ ಆಗಲ್ರೀ ಅಕ್ಕೋರೆ," ಎಂದು ಗೂಟಕ್ಕೆ ಕೈ ಹಾಕಿದಳು.