ಅಕ್ಕನ ಸೋಸುಬಟ್ಟೆ

ಹೋದ ವಾರ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋದಾಗ ನಮ್ಮಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದಿಂದ ಹೊರಬರುತ್ತಿದ್ದ ಹುಳವನ್ನು ಬೆಂಕಿಕಡ್ಡಿಗೆ ಸುತ್ತುತ್ತಿದ್ದಳು. ದಿನಕ್ಕೆ ಒಂದೇ ಸುತ್ತು. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಕೀವುಗಟ್ಟುತ್ತದೆ.

ನಾರುಹುಣ್ಣು. (ಪಕ್ಕದ ಮನೆಯವರ ತೆಲುಗಿನಲ್ಲಿ ನಾರಿಕುರುಪು. ಹೆಸರು ಯಾವುದಾದರೇನು, ನೋವು ಒಂದೇ.)

"ಬಾರಪ್ಪ, ಲೆಕ್ಚರ್ ಮೇಷ್ಟ್ರೇ! ನೀರು ಸೋಸದೆ ಒಂದಿನಾನೂ ಕುಡ್ದಿಲ್ಲ ಕಣಪ್ಪ. ಮತ್ತೆ ಇದೆಲ್ಲಿಂದ ಬಂದ್ಬುಡ್ತು, ಯೋಳು?"

ನನಗೆ ಸಿಟ್ಟು ಬಂತು. ಡಾಕ್ಟರೊಬ್ಬರಿಂದ ಕಲಿತದ್ದನ್ನೆಲ್ಲ ಎರಡು ವರ್ಷದ ಹಿಂದೆಯೇ ಇವಳಿಗೆ ಬಿಡಿಸಿ ಹೇಳಿದ್ದೆನಲ್ಲ! ಮೆಟ್ಟಿಲಬಾವಿಯ ನೀರಿನಲ್ಲಿ ಕಣ್ಣಿಗೆ ಸುಲಭವಾಗಿ ಕಾಣದ ಕ್ರಿಮಿಗಳಿರುತ್ತವೆ. ಅವುಗಳೊಳಗೆ ಈ ಹುಳದ ಮರಿ. ಕುಡಿದರೆ ಮರಿ ಕರುಳು ತೂರಿ ಮೈ ಸೇರುತ್ತದೆ, ವರ್ಷ ಕಳೆದ ಮೇಲೆ ಕಾಲಿನಲ್ಲಿ ತಲೆ ಹಾಕುತ್ತದೆ. ಆ ಕಾಲನ್ನು ಬಾವಿಯಲ್ಲಿಟ್ಟರೆ ನೀರಿಗೆ ಮತ್ತೆ ಮರಿ ಬಿಡುತ್ತದೆ. ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿದರೆ ಕ್ರಿಮಿ ಬಟ್ಟೆಯಲ್ಲೇ ಉಳಿಯುತ್ತದೆ. ಇಷ್ಟು ಅರ್ಥವಾಗುವುದು ಕಷ್ಟವೇ?

"ಈ ಕಾಲಲ್ಲಿ ಬಾವಿಗೆ ಇಳಿದೆಯಾ?"

"ಎಲ್ಲಿ ಇಳಿಯಾದು! ನಿಮ್ ಭಾವನೇ ತತ್ತಾರೆ." (ಭಾವ ಕೊಡ ಹೊತ್ತದ್ದು ಇದೇ ಮೊದಲು. ಊರೇ ನಿಂತು ನೋಡಿತಂತೆ.)

ಹೇಗೆ ಸೋಸುತ್ತೀ ತೋರಿಸು ಎಂದೆ. ಅಕ್ಕ ಕೂತಲ್ಲೇ ಕೊಡದ ಬಾಯಿಗೆ ಬಟ್ಟೆ ಕಟ್ಟಿದಳು, ಭಾವ ನೀರು ಸುರಿದರು. ಮೊದಲ ಕೊಡ ಲಕ್ಷಣವಾಗಿ ತುಂಬಿತು. ಎರಡನೆಯದಕ್ಕೆ ಅದೇ ಒದ್ದೆ ಬಟ್ಟೆಯನ್ನು ಮಗುಚಿ ಕಟ್ಟಿದಳು. ಮೇಲಿದ್ದ ಮಗ್ಗುಲು ಕೆಳಕ್ಕೆ.

"ಅಯ್ಯಯ್ಯೋ! ಬಟ್ಟೆ ಹಿಡಿದಿಟ್ಟ ಕ್ರಿಮೀನೆಲ್ಲ ಈ ಕೊಡಕ್ಕೆ ತೊಳೆದು ಬಿಡ್ತಿದ್ದೀಯಲ್ಲಕ್ಕಾ! ಮಗುಚು ಅಂತ ಯಾರು ಹೇಳಿದ್ದು?"

ಅಕ್ಕ ನನ್ನನ್ನೇ ನೋಡಿದಳು.

"ಯಾರೂ ಯೋಳಿಲ್ಲ. ಕಂಟ್ರೋಲ್ ಬಟ್ಟೆ, ಕಾರ್ಡಿಗೆ ಅಳೆದು ಕೊಡಾದು, ಇನ್ನೊಂದು ಎಲ್ಲಿ ಸಿಕ್ತದೆ? ಒಂದೇ ಕಡೆ ಸವೀಬಾರ್ದು ಅಂತ ನಾನೇ ಮಾಡ್ತಿದ್ದೆ. ಆವತ್ತು ನೀನೂ ಪಕ್ಕದಾಗೆ ನಿಂತು ನೋಡ್ದೆಯಲ್ಲಪ್ಪ. ಶಭಾಷ್ ಅಂದೆ. ಪೇಪರ್‌ನಾಗೂ ಬರೆದ್ಬುಟ್ಟೆ."

ಹೌದು, ಬರೆದಿದ್ದೆ. ಇದೇ ಕಾಲಮ್ಮಿನಲ್ಲಿ, ಬಟ್ಟೆಯ ಬರಗಾಲಕ್ಕೆ ನಮ್ಮಕ್ಕ ಕಂಡುಕೊಂಡ ಉಪಾಯ ಎಂದು ಹೊಗಳಿ ಹೊಗಳಿ. ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಹೊರಡುವ ಮುಂಚೆ ಬಟ್ಟೆಯ ಒಂದು ಮಗ್ಗುಲಿಗೆ ಕೆಂಪು ದಾರದಲ್ಲಿ ಗುರುತು ಹೊಲಿದುಕೊಟ್ಟೆ. ಕೆಂಪು ಯಾವಾಗಲೂ ಮೇಲೆ. ಅಕ್ಕ ಬೈಯಲಿಲ್ಲ. ಕಡ್ಡಿಯನ್ನು ಜೋಪಾನವಾಗಿ ಕಾಲಿಗೆ ಕಟ್ಟಿಕೊಂಡು, "ಹೋಗ್ಬಾರಪ್ಪ" ಎಂದಳು.

ಅಂದು ಆ ಉಪಾಯವನ್ನು ಮೆಚ್ಚಿ ನನಗೆ ಕಾಗದ ಬರೆದ ಓದುಗರೇ, ನೀವು ಎಷ್ಟು ದಿನದಿಂದ ಬಟ್ಟೆ ಮಗುಚುತ್ತಿದ್ದೀರಿ?